ಕಾಣದ ಸಂತೆಯ ಲೆಕ್ಕ: ಆನ್‌ಲೈನ್ ಪೇಟೆಯಲ್ಲಿ ಕೃಷಿಕನ ಕೈಗೆ ಉಳಿಯುವುದೆಷ್ಟು?

ಕರಿಮೆಣಸು, ಏಲಕ್ಕಿ, ಪುನರ್ಪುಳಿ ಸಿಪ್ಪೆ, ಹಲಸಿನ ಹಪ್ಪಳ, ಜೇನು, ಜೋನಿಬೆಲ್ಲ - ನಮ್ಮಲ್ಲಿ ಆಗುವ ಇಂಥ ಜೀನಸುಗಳೆಲ್ಲ ಇಂದು ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟಕ್ಕಿವೆ. ಅಲ್ಲಿ ಕಾಣುವ ಕ್ರಯ ನೋಡಿದರೆ ಯಾರಿಗಾದರೂ ಆಸೆಯಾದೀತು. ಊರಿನ ಅಂಗಡಿಯಲ್ಲಿ ನಮಗೆ ಸಿಗುವುದರ ಇಮ್ಮಡಿ! "ನಾವೂ ಯಾಕೆ ಹಾಕಬಾರದು?" ಎಂದು ಕೇಳುವ ಕೃಷಿಕರು ಹೆಚ್ಚುತ್ತಿದ್ದಾರೆ.

ಹಾಕಬಹುದು. ನಾನೂ ಮೂರು ವರ್ಷದಿಂದ ತೋಟದ ಕರಿಮೆಣಸು ಮತ್ತು ಮನೆಯ ಹಪ್ಪಳವನ್ನು ಸ್ವಲ್ಪ ಸ್ವಲ್ಪ ಹೀಗೆ ಮಾರುತ್ತಿದ್ದೇನೆ. ಆದರೆ ಈ ಪೇಟೆ ನಡೆಯುವ ಕ್ರಮ ನಮ್ಮ ಮಂಡಿಗಿಂತ ಬೇರೆ. ಅದೂ ಎರಡು-ಮೂರು ವರ್ಷಕ್ಕೊಮ್ಮೆ ಬದಲಾಗುತ್ತಿದೆ. ಯಾವುದು ಬದಲಾಗುತ್ತಿದೆ, ಅದರಿಂದ ಸಣ್ಣ ಕೃಷಿಕನಿಗೆ ಏನು ಬರುತ್ತದೆ, ಏನು ಹೋಗುತ್ತದೆ - ಇದಿಷ್ಟನ್ನು ಲೆಕ್ಕ ಸಮೇತ ಹೇಳುವುದು ಈ ಬರಹದ ಉದ್ದೇಶ.

ಒಬ್ಬನ ಜಗಲಿ, ಹಲವರ ಮಾಲು

ಮೊದಲು ಇದರ ಬುಡ ತಿಳಿಯೋಣ. ಅಂಗಡಿಯವನು ತಾನೇ ಮಾಲು ಕೊಂಡು ತಾನೇ ಮಾರುವುದು ಒಂದು ಪದ್ಧತಿ. ಜಾಗ ಮಾತ್ರ ಒಬ್ಬನದು, ಅದರಲ್ಲಿ ಕೂತು ಮಾರುವವರು ಸಾವಿರಾರು ಮಂದಿ - ಇದು ಇನ್ನೊಂದು ಪದ್ಧತಿ. ಎರಡನೆಯದು ನಮ್ಮ ವಾರದ ಸಂತೆಯ ಹಾಗೆ. ಅಮೆರಿಕದಲ್ಲಿ 1995ರಲ್ಲಿ ಶುರುವಾದ ಇಬೇ ಹೀಗೆಯೇ ನಡೆಯಿತು. ಅದೇ ವರ್ಷ ಪುಸ್ತಕ ಮಾರಲು ತೊಡಗಿದ ಅಮೆಜಾನ್ 2000ದಲ್ಲಿ ತನ್ನ ಜಾಗವನ್ನು ಹೊರಗಿನ ಮಾರಾಟಗಾರರಿಗೂ ತೆರೆಯಿತು. ಈಗ ಅಲ್ಲಿ ಮಾರಾಟವಾಗುವ ವಸ್ತುಗಳಲ್ಲಿ ಶೇ. 60ರ ಆಸುಪಾಸು ಹೊರಗಿನವರದ್ದೇ. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕೂಡ 2013ರಲ್ಲಿ ಈ ದಾರಿಗೆ ಬಂತು. ಅಮೆಜಾನ್ ಭಾರತಕ್ಕೆ ಕಾಲಿಟ್ಟದ್ದೂ ಅದೇ ವರ್ಷ.

ವಿದೇಶಿ ಬಂಡವಾಳದ ಕಂಪೆನಿಗಳು ಇಲ್ಲಿ ಸಂತೆ ಪದ್ಧತಿಯನ್ನೇ ಹಿಡಿದದ್ದಕ್ಕೆ ನಮ್ಮ ಸರಕಾರದ ನಿಯಮವೂ ಕಾರಣ. ಅಂಥ ಕಂಪೆನಿ ಜಾಗ ನಡೆಸಬಹುದು, ತಾನೇ ದಾಸ್ತಾನು ಇಟ್ಟು ಗಿರಾಕಿಗೆ ಮಾರುವಂತಿಲ್ಲ ಎಂದು 2016ರಲ್ಲಿ ಸ್ಪಷ್ಟಪಡಿಸಿದರು. 2019ರ ಫೆಬ್ರವರಿ 1ರಿಂದ ಅದನ್ನು ಇನ್ನಷ್ಟು ಬಿಗಿ ಮಾಡಿದರು. ದೇಶದಲ್ಲೇ ಬೆಳೆದ, ತಯಾರಿಸಿದ ಆಹಾರ ವಸ್ತುಗಳಿಗೆ ಮಾತ್ರ ಸರಕಾರದ ಒಪ್ಪಿಗೆ ಪಡೆದು ಮಾರುವ ಬೇರೆ ದಾರಿ ಇಟ್ಟರು.

ಯಾವ ಪೇಟೆಯನ್ನೇ ನೋಡಿ, ಅದರಲ್ಲಿ ನಾಲ್ಕು ಸಂಗತಿಗಳಿವೆ. ಮಾಲು ಕಾಣಿಸುವ ಜಗಲಿ. ಹಣ ಬೀಳುವ ಗಲ್ಲಾಪೆಟ್ಟಿಗೆ. ಮಾಲು ಸಾಗಿಸುವ ಗಾಡಿ. ಯಾರು ಏನು ಕೊಂಡರು ಎಂದು ಬರೆದಿಡುವ ಗಿರಾಕಿ ಪುಸ್ತಕ. ಊರಿನ ಸಂತೆಯಲ್ಲಿ ಜಗಲಿಗೆ ಸುಂಕ ಕೊಟ್ಟರೆ ಮುಗಿಯಿತು, ಉಳಿದ ಮೂರೂ ನಮ್ಮ ಕೈಯಲ್ಲೇ. ಆನ್‌ಲೈನ್ ಪೇಟೆಯಲ್ಲಿ ಸಾಮಾನ್ಯವಾಗಿ ನಾಲ್ಕೂ ಕಂಪೆನಿಯ ಕೈಯಲ್ಲಿ. ಮೆಣಸು ನನ್ನದು, ಆದರೆ ಕೊಂಡವರ ಫೋನ್ ನಂಬರು ನನಗೆ ಸಿಗುವುದಿಲ್ಲ. ಮುಂದೆ ಹೇಳುವ ಬದಲಾವಣೆಗಳನ್ನೆಲ್ಲ ಈ ನಾಲ್ಕರ ಲೆಕ್ಕದಲ್ಲೇ ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ.

ನಮ್ಮ ರಾಜ್ಯದ್ದೇ ಪಾಠ

ಕೃಷಿ ಮಾಲಿಗೆ ಕಂಪ್ಯೂಟರ್ ಪೇಟೆ ಕಟ್ಟುವ ಕೆಲಸದಲ್ಲಿ ಕರ್ನಾಟಕ ಮುಂದಿತ್ತು. ರಾಜ್ಯ ಸರಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸೇರಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಕಂಪೆನಿ ಮಾಡಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿದವು. ಎಪಿಎಂಸಿಗೆ ರೈತ ತಂದ ಮಾಲಿಗೆ ಲಾಟ್ ನಂಬರು ಕೊಡುತ್ತಾರೆ. ಲೈಸೆನ್ಸ್ ಇರುವ ವ್ಯಾಪಾರಿ ಬೇರೆ ಊರಿನಲ್ಲಿ ಕೂತೂ ದರ ಹಾಕಬಹುದು. ಗೆದ್ದ ದರ ರೈತನ ಮೊಬೈಲಿಗೆ ಬರುತ್ತದೆ, ಒಪ್ಪಿಗೆಯಾಗದಿದ್ದರೆ ಕೊಡದೆ ಇರಬಹುದು. ಕೇಂದ್ರ ಸರಕಾರದ ಇ-ನಾಮ್ ಬಂದದ್ದು ಇದಾದ ಮೇಲೆ, 2016ರ ಏಪ್ರಿಲ್ 14ರಂದು. 21 ಮಂಡಿಗಳಿಂದ ಶುರುವಾಗಿ ಈಗ 1,400 ದಾಟಿದೆ.

ಕರ್ನಾಟಕದ ಈ ವೇದಿಕೆಯಿಂದ ರೈತನಿಗೆ ನಿಜಕ್ಕೂ ಲಾಭ ಆಯಿತೇ? ಇದನ್ನು ಅಳೆದ ಒಂದು ಅಧ್ಯಯನ 2020ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಭತ್ತದ ದರ ಶೇ. 5.1, ನೆಲಗಡಲೆ ಶೇ. 3.6, ಮೆಕ್ಕೆಜೋಳ ಶೇ. 3.5ರಷ್ಟು ಏರಿತ್ತು. ಹತ್ತಿ, ಹೆಸರು, ತೊಗರಿಯಲ್ಲಿ ಎದ್ದು ಕಾಣುವ ಏರಿಕೆ ಇರಲಿಲ್ಲ. ಒಳ್ಳೆಯ ಗುಣಮಟ್ಟದ ಮಾಲು ತಂದವರಿಗೆ ಲಾಭ ಹೆಚ್ಚು.

ಈ ಅಂಕಿಗಳನ್ನು ಸ್ವಲ್ಪ ಯೋಚಿಸಿ ನೋಡಿ. ಪೇಟೆ ದೊಡ್ಡದಾದ ಮಾತ್ರಕ್ಕೆ ದರ ದುಪ್ಪಟ್ಟಾಗುವುದಿಲ್ಲ. ನೂರಕ್ಕೆ ಮೂರೋ ಐದೋ ಸಿಗುತ್ತದೆ, ಅದೂ ಎಲ್ಲ ಬೆಳೆಗಲ್ಲ. ಆದರೂ ಅದು ಸಣ್ಣ ಮೊತ್ತವಲ್ಲ, ಯಾಕೆಂದರೆ ಅದು ಖರ್ಚಿಲ್ಲದೆ ಬಂದದ್ದು. ಚಿಲ್ಲರೆ ಪೇಟೆಯಲ್ಲಿ ದರ ಇಮ್ಮಡಿ ಕಾಣುತ್ತದೆ, ಆದರೆ ಖರ್ಚು ಹಿಂದೆಯೇ ಇದೆ.

ಕಮಿಷನ್ ಸೊನ್ನೆ, ಖರ್ಚು ಸೊನ್ನೆಯಲ್ಲ

ಇತ್ತೀಚಿನ ದೊಡ್ಡ ಬದಲಾವಣೆ ಎಂದರೆ ಕಮಿಷನ್ ಬಿಡುವ ಪೈಪೋಟಿ. ಬೆಂಗಳೂರಿನ ಮೀಶೋ 2021ರಲ್ಲಿ ಮಾರಾಟಗಾರರಿಂದ ಕಮಿಷನ್ ತೆಗೆದುಕೊಳ್ಳುವುದಿಲ್ಲ ಎಂದು ಸಾರಿತು. 2025ರ ಏಪ್ರಿಲ್‌ನಲ್ಲಿ ಅಮೆಜಾನ್ ಭಾರತದಲ್ಲಿ 300 ರೂಪಾಯಿಗಿಂತ ಕಡಿಮೆ ಬೆಲೆಯ ಒಂದು ಕೋಟಿಗೂ ಹೆಚ್ಚು ವಸ್ತುಗಳಿಗೆ ಕಮಿಷನ್ ಕೈಬಿಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ 1,000 ರೂಪಾಯಿಯ ಒಳಗಿನ ವಸ್ತುಗಳಿಗೆ ಹೀಗೇ ಮಾಡಿತು.

"ಹಾಗಾದ್ರೆ ದಲಾಲಿ ಇಲ್ಲದ ಮಂಡಿ ಆಯ್ತಲ್ಲ ಮಾರಾಯ್ರೇ! ಅವ್ರಿಗೇನು ಗಿಟ್ತದೆ?" ಎಂದು ನಮ್ಮ ಪಕ್ಕದ ತೋಟದ ಹಿರಿಯರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಕಮಿಷನ್ ಎನ್ನುವುದು ಖರ್ಚಿನ ಒಂದು ಸಾಲು ಮಾತ್ರ. ಸಾಗಾಟ, ಪ್ರತಿ ಆರ್ಡರಿಗೆ ನಿಗದಿ ಶುಲ್ಕ, ಜಾಹೀರಾತು - ಇವು ಬೇರೆ ಸಾಲುಗಳು. ಕಂಪೆನಿಯ ಸಂಪಾದನೆ ಈಗ ಹೆಚ್ಚು ಹೆಚ್ಚಾಗಿ ಈ ಸಾಲುಗಳಿಂದ.

ಒಂದು ಲೆಕ್ಕ ಹಾಕೋಣ. ಇದರಲ್ಲಿರುವ ಅಂಕಿಗಳು ವಿವರಿಸಲಿಕ್ಕಾಗಿ ಹಿಡಿದವು, ನಿಮ್ಮ ಮಾಲು, ನಿಮ್ಮ ಊರು, ನೀವು ಸೇರುವ ಕಂಪೆನಿಗೆ ತಕ್ಕಂತೆ ಬದಲಿಸಿಕೊಳ್ಳಿ. ಕರಿಮೆಣಸಿಗೆ ಊರಿನ ಅಂಗಡಿಯಲ್ಲಿ ಕಿಲೋಗೆ 650 ರೂ. ಎಂದು ಇಟ್ಟುಕೊಳ್ಳಿ. ಜಿಎಸ್‌ಟಿ ನೋಂದಣಿ ಇಲ್ಲದ ಕೃಷಿಕ ಮಾರುತ್ತಿದ್ದಾನೆ.

ಮೊದಲ ಲೆಕ್ಕ - 250 ಗ್ರಾಂ ಪ್ಯಾಕೆಟ್, ಕ್ರಯ 320 ರೂ.
ಕಮಿಷನ್ ಶೇ. 8: 26 ರೂ.
ನಿಗದಿ ಶುಲ್ಕ: 15 ರೂ.
ಸಾಗಾಟ: 65 ರೂ.
ಈ ಮೂರರ ಮೇಲೆ ಜಿಎಸ್‌ಟಿ ಶೇ. 18: 19 ರೂ.
ಜಾಹೀರಾತು: 30 ರೂ.
ಪೆಟ್ಟಿಗೆ, ಕವರು, ಲೇಬಲ್: 14 ರೂ.
ವಾಪಸು ಬರುವ ಮಾಲಿನ ನಷ್ಟದ ಪಾಲು: 10 ರೂ.
ಒಟ್ಟು ಖರ್ಚು 179 ರೂ. ಕೈಗೆ ಉಳಿಯುವುದು 141 ರೂ. ಅಂದರೆ ಕಿಲೋಗೆ 564 ರೂ.

ಕಾಣುವ ಕ್ರಯ ಕಿಲೋಗೆ 1,280. ಉಳಿಯುವುದು ಊರಿನ ಅಂಗಡಿಗಿಂತಲೂ ಕಡಿಮೆ!

ಎರಡನೇ ಲೆಕ್ಕ - ಅದೇ ಪ್ಯಾಕೆಟನ್ನು 295 ರೂ.ಗೆ ಇಳಿಸಿ ಕಮಿಷನ್ ಇಲ್ಲದ ಸಾಲಿಗೆ ತಂದರೆ.
ನಿಗದಿ ಶುಲ್ಕ 15, ಸಾಗಾಟ 65, ಅದರ ಮೇಲಿನ ಜಿಎಸ್‌ಟಿ 14, ಜಾಹೀರಾತು 30, ಪ್ಯಾಕಿಂಗ್ 14, ವಾಪಸಿನ ಪಾಲು 10.
ಒಟ್ಟು ಖರ್ಚು 148 ರೂ. ಉಳಿಯುವುದು 147 ರೂ. ಕಿಲೋಗೆ 588 ರೂ.

ಕಮಿಷನ್ ಪೂರ್ತಿ ಹೋದರೂ ನಮಗೆ ಹೆಚ್ಚು ಸಿಕ್ಕಿದ್ದು ಪ್ಯಾಕೆಟಿಗೆ 6 ರೂ. ಮಾತ್ರ. ಉಳಿದ ಲಾಭ ಕ್ರಯ ಇಳಿದ ಕಾರಣ ಗಿರಾಕಿಗೆ ಹೋಯಿತು.

ಮೂರನೇ ಲೆಕ್ಕ - ಒಂದು ಕಿಲೋ ಪ್ಯಾಕೆಟ್, ಕ್ರಯ 1,150 ರೂ.
ಕಮಿಷನ್ 92, ನಿಗದಿ ಶುಲ್ಕ 25, ಸಾಗಾಟ 100, ಈ ಮೂರರ ಮೇಲೆ ಜಿಎಸ್‌ಟಿ 39, ಜಾಹೀರಾತು 30, ಪ್ಯಾಕಿಂಗ್ 20, ವಾಪಸಿನ ಪಾಲು 20.
ಒಟ್ಟು ಖರ್ಚು 326 ರೂ. ಉಳಿಯುವುದು ಕಿಲೋಗೆ 824 ರೂ.

ಮೂರನೆಯದರಲ್ಲಿ ಪೂರ್ತಿ ಕಮಿಷನ್ ಕೊಟ್ಟಿದ್ದೇವೆ, ಗಿರಾಕಿಗೂ ಕ್ರಯ ಇಳಿಸಿದ್ದೇವೆ. ಆದರೂ ಊರಿನ ದರಕ್ಕಿಂತ 174 ರೂ. ಹೆಚ್ಚು ಸಿಕ್ಕಿತು. ಕಾರಣ ಇಷ್ಟೆ: ಸಾಗಾಟವೂ ಜಾಹೀರಾತೂ ಪ್ಯಾಕೆಟಿಗೆ ಬೀಳುವ ಖರ್ಚು, ಕಿಲೋಗೆ ಬೀಳುವುದಲ್ಲ. ಒಂದು ಪ್ಯಾಕೆಟಿನಲ್ಲಿ ಹೆಚ್ಚು ಬೆಲೆಯ ಮಾಲು ಹೋದಷ್ಟೂ ಆ ಖರ್ಚು ಹಂಚಿಹೋಗುತ್ತದೆ. ಒಂದೇ ಕಿಲೋ ಮೆಣಸು ಬೇಡ ಎನ್ನುವ ಗಿರಾಕಿಗೆ ಮೆಣಸು, ಏಲಕ್ಕಿ, ಜಾಯಿಕಾಯಿ ಕೂಡಿಸಿದ ಒಂದು ಕಟ್ಟು ಮಾಡಬಹುದು.

ಹಪ್ಪಳದವರಿಗೆ ಒಂದು ಎಚ್ಚರಿಕೆ

ಹಗುರವಾಗಿದ್ದು ಜಾಗ ಹಿಡಿಯುವ ಮಾಲಿಗೆ ಕೊರಿಯರಿನವರು ತಕ್ಕಡಿಯ ತೂಕ ಹಿಡಿಯುವುದಿಲ್ಲ, ಪೆಟ್ಟಿಗೆಯ ಗಾತ್ರದ ತೂಕ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಹೆಚ್ಚಿನವರು 5,000ದಿಂದ ಭಾಗಿಸುತ್ತಾರೆ. 30 x 30 x 15 ಸೆಂ.ಮೀ. ಪೆಟ್ಟಿಗೆ ಎಂದರೆ 13,500. ಅದನ್ನು 5,000ದಿಂದ ಭಾಗಿಸಿದರೆ 2.7 ಕಿಲೋ. ಒಳಗೆ ಒಂದು ಕಿಲೋ ಹಪ್ಪಳ ಇದ್ದರೂ 2.7 ಕಿಲೋದ ಬಾಡಿಗೆ. ಹಪ್ಪಳದ ಅಳತೆಗೆ ಸರಿಯಾಗಿ 20 x 20 x 12ರ ಪೆಟ್ಟಿಗೆ ಮಾಡಿಸಿದರೆ ಲೆಕ್ಕ 0.96 ಕಿಲೋಗೆ ಇಳಿಯುತ್ತದೆ. ಆಗ ನಿಜ ತೂಕವೇ ಹೆಚ್ಚಾಗಿ ಅದಕ್ಕೆ ಮಾತ್ರ ಬಾಡಿಗೆ. ಮಾಲು ಅದೇ, ಪೆಟ್ಟಿಗೆ ಬೇರೆ, ಲಾಭ ಬೇರೆ! ಬಾಳೆಕಾಯಿ, ಹಲಸಿನ ಚಿಪ್ಸಿಗೆ ಈ ಉಪಾಯ ಕಷ್ಟ, ಒತ್ತಿದರೆ ಪುಡಿಯಾಗುತ್ತದೆ. ಅದನ್ನು ಹತ್ತಿರದ ಪೇಟೆಯಲ್ಲೇ ಮಾರುವುದು ಲೇಸು.

ಎದುರಿನ ಸಾಲಿಗೆ ಪೈಪೋಟಿ

ಸಂತೆಯಲ್ಲಿ ಬಾಗಿಲ ಹತ್ತಿರದ ಜಾಗಕ್ಕೆ ಬೇಡಿಕೆ ಹೆಚ್ಚು. ಆನ್‌ಲೈನ್ ಪೇಟೆಯಲ್ಲೂ ಹಾಗೆಯೇ. "ಕರಿಮೆಣಸು" ಎಂದು ಹುಡುಕಿದರೆ ನೂರಾರು ಪ್ಯಾಕೆಟ್ ಬರುತ್ತವೆ, ಗಿರಾಕಿ ನೋಡುವುದು ಮೊದಲಿನ ಹತ್ತನ್ನು. ಆ ಹತ್ತರಲ್ಲಿ ಕೆಲವು ದುಡ್ಡು ಕೊಟ್ಟು ಪಡೆದ ಜಾಗಗಳು. ಹಾಗಾಗಿ ಜಾಹೀರಾತು ಈಗ ಇಷ್ಟವಿದ್ದರೆ ಮಾಡುವ ಖರ್ಚಾಗಿ ಉಳಿದಿಲ್ಲ, ಸಂತೆ ಸುಂಕದ ಹಾಗೆ ಆಗಿಬಿಟ್ಟಿದೆ.

ಜಗಲಿಯ ಯಜಮಾನನೇ ಪಕ್ಕದಲ್ಲಿ ಅಂಗಡಿ ಇಟ್ಟರೆ ಏನಾದೀತು ಎಂಬ ಪ್ರಶ್ನೆ ಲೋಕದಾದ್ಯಂತ ಎದ್ದಿದೆ. ಯುರೋಪಿನಲ್ಲಿ ಅಧಿಕಾರಿಗಳು ತನಿಖೆ ನಡೆಸಿದ ಮೇಲೆ 2022ರ ಡಿಸೆಂಬರಿನಲ್ಲಿ ಅಮೆಜಾನ್ ಕೆಲವು ಮಾತು ಕೊಟ್ಟಿತು. ಹೊರಗಿನ ಮಾರಾಟಗಾರರ ಒಳಲೆಕ್ಕವನ್ನು ತನ್ನ ಸ್ವಂತ ಚಿಲ್ಲರೆ ವ್ಯಾಪಾರಕ್ಕೆ ಬಳಸುವುದಿಲ್ಲ, ಮುಂದಿನ ಜಾಗಕ್ಕೆ ಎಲ್ಲರನ್ನೂ ಸಮಾನವಾಗಿ ಪರಿಗಣಿಸುತ್ತೇನೆ ಎಂಬುದು ಅದರ ಸಾರ. ನಮ್ಮಲ್ಲಿ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್‌ಗಳ ಮೇಲೆ ತನಿಖೆಗೆ ಆದೇಶಿಸಿತು. ಕೆಲವೇ ಮಾರಾಟಗಾರರಿಗೆ ಆದ್ಯತೆ ಕೊಡುತ್ತಾರೆ ಎಂಬುದು ವರ್ತಕರ ದೂರಾಗಿತ್ತು.

ಸಣ್ಣವರಿಗೆ ಉಪಯೋಗಕ್ಕೆ ಬರುವಂಥದ್ದು 2020ರ ಜುಲೈಯಲ್ಲಿ ಬಂದ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳು. ಯಾರ ಮಾಲು ಮುಂದೆ, ಯಾರದು ಹಿಂದೆ ಎಂದು ನಿರ್ಧರಿಸುವ ಮುಖ್ಯ ಅಂಶಗಳನ್ನು ಕಂಪೆನಿ ಸರಳ ಭಾಷೆಯಲ್ಲಿ ಪ್ರಕಟಿಸಬೇಕು. ಸೇರುವ ಮೊದಲು ಈ ಪುಟವನ್ನು ಹುಡುಕಿ ಓದಿ. ಮಾಲು ಬೇಗ ಕಳಿಸುವುದು, ವಾಪಸು ಕಡಿಮೆ ಇರುವುದು, ಒಳ್ಳೆಯ ಅಭಿಪ್ರಾಯ ಬರುವುದು ಸಾಮಾನ್ಯವಾಗಿ ಅದರಲ್ಲಿ ಇರುತ್ತವೆ. ಇವು ಮೂರೂ ದುಡ್ಡು ಕೊಡದೆ ನಮ್ಮ ಕೈಯಲ್ಲಿರುವವು. ಒಣಗಿದ್ದು ಸಾಲದ ಮೆಣಸು ಮಳೆಗಾಲದಲ್ಲಿ ಬೂಸ್ಟು ಹಿಡಿದರೆ ಒಬ್ಬ ಗಿರಾಕಿಯ ಒಂದು ಸಾಲಿನ ಬರಹ ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತದೆ. ಅಭಿಪ್ರಾಯಗಳನ್ನು ಸುಳ್ಳೇ ಬರೆಸುವವರೂ ಇದ್ದಾರೆ. ಅದಕ್ಕೆಂದೇ ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಐಎಸ್ 19000 ಎಂಬ ಮಾನಕ ಹೊರಡಿಸಿತು.

ನಿಮಿಷದ ಅಂಗಡಿಯಲ್ಲಿ ನಮ್ಮ ಜಾಗ

ದೊಡ್ಡ ಪಟ್ಟಣಗಳಲ್ಲಿ ಈಗ ಕೇಳಿ ಕೆಲವೇ ನಿಮಿಷದಲ್ಲಿ ಮನೆ ಬಾಗಿಲಿಗೆ ತರುವ ಅಂಗಡಿಗಳದ್ದೇ ಕಾರುಬಾರು. ಬ್ಲಿಂಕಿಟ್, ಇನ್‌ಸ್ಟಾಮಾರ್ಟ್, ಜೆಪ್ಟೋ ಇವುಗಳ ಹೆಸರು ಬೆಂಗಳೂರಿನಲ್ಲಿರುವ ಮಕ್ಕಳಿಂದ ಕೇಳಿರುತ್ತೀರಿ. ಗಿರಾಕಿಗೆ ಕಾಣದ ಸಣ್ಣ ಗೋದಾಮುಗಳನ್ನು ಬಡಾವಣೆಗೊಂದರಂತೆ ಇಟ್ಟು, ಅಲ್ಲಿಂದ ಬೈಕಿನಲ್ಲಿ ಕಳಿಸುವುದು ಇವರ ಕ್ರಮ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಗೋದಾಮು ಸಣ್ಣದು, ಅದರಲ್ಲಿ ಮೆಣಸಿನ ನೂರು ಬ್ರಾಂಡಿಗೆ ಜಾಗ ಇಲ್ಲ, ನಾಲ್ಕಕ್ಕೆ ಮಾತ್ರ. ಬ್ಲಿಂಕಿಟ್ 2025ರಲ್ಲಿ ಹಲವು ಮಾರಾಟಗಾರರ ಪದ್ಧತಿಯಿಂದ ತಾನೇ ಮಾಲು ಕೊಂಡು ಇಟ್ಟುಕೊಳ್ಳುವ ಪದ್ಧತಿಯತ್ತ ಹೊರಳಿತು. ಅಂದರೆ ಸಂತೆ ಮತ್ತೆ ಅಂಗಡಿಯಾಗುತ್ತಿದೆ. ವಾರಕ್ಕೆ ಹತ್ತು ಪ್ಯಾಕೆಟ್ ಕಳಿಸುವ ಕೃಷಿಕನಿಗೆ ಒಬ್ಬನಾಗಿ ಇಲ್ಲಿ ಪ್ರವೇಶ ಕಷ್ಟ. ದಿನಾ ಒಂದೇ ಗುಣಮಟ್ಟದ ಮಾಲನ್ನು ವರ್ಷವಿಡೀ ಕೊಡಬಲ್ಲ ಸಂಘಕ್ಕೆ, ಕಂಪೆನಿಗೆ ಮಾತ್ರ ಇದು ಸಾಧ್ಯ. ತಾಜಾ ತರಕಾರಿಯವರು, ಅದರಲ್ಲೂ ಬೆಂಗಳೂರಿನ ಸುತ್ತಲಿನವರು, ಇದನ್ನು ಚಿಲ್ಲರೆ ಮಾರಾಟ ಎಂದು ತಿಳಿಯದೆ ಸಗಟು ಮಾರಾಟ ಎಂದೇ ಲೆಕ್ಕ ಹಾಕಬೇಕು. ತಿರಸ್ಕಾರವಾದ ಮಾಲು ಯಾರ ಪಾಲಿಗೆ, ಹಣ ಎಷ್ಟು ದಿನಕ್ಕೆ ಎಂಬ ಎರಡು ಪ್ರಶ್ನೆ ಮೊದಲೇ ಕೇಳಿ.

ಬಿಡಿಸಿಟ್ಟ ಪೇಟೆ

ಜಗಲಿ, ಗಲ್ಲಾ, ಗಾಡಿ, ಗಿರಾಕಿ ಪುಸ್ತಕ ನಾಲ್ಕೂ ಒಬ್ಬನ ಕೈಯಲ್ಲಿ ಇರಬೇಕೆಂದೇನೂ ಇಲ್ಲ ಎಂಬ ಯೋಚನೆಯಿಂದ ಹುಟ್ಟಿದ್ದು ಓಎನ್‌ಡಿಸಿ. ಕೇಂದ್ರ ಸರಕಾರದ ಬೆಂಬಲದಿಂದ 2021ರ ಡಿಸೆಂಬರ್ 31ರಂದು ಲಾಭದ ಉದ್ದೇಶವಿಲ್ಲದ ಕಂಪೆನಿಯಾಗಿ ನೋಂದಣಿಯಾಯಿತು. 2022ರ ಏಪ್ರಿಲ್‌ನಲ್ಲಿ ಐದು ಊರುಗಳಲ್ಲಿ ಪ್ರಯೋಗ ಶುರುವಾದಾಗ ಅದರಲ್ಲಿ ಬೆಂಗಳೂರೂ ಇತ್ತು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಬೆಂಗಳೂರಿನಲ್ಲಿ ಸಾರ್ವಜನಿಕರಿಗೆ ತೆರೆದರು.

ಇದು ಅಂಗಡಿಯಲ್ಲ, ಆ್ಯಪ್ ಕೂಡ ಅಲ್ಲ. ಬೇರೆ ಬೇರೆ ಆ್ಯಪ್‌ಗಳು ಒಂದಕ್ಕೊಂದು ಮಾತಾಡಲು ಮಾಡಿದ ಒಪ್ಪಂದದ ಭಾಷೆ ಎನ್ನಬಹುದು. ಒಂದು ಬ್ಯಾಂಕಿನ ಖಾತೆಯಿಂದ ಇನ್ನೊಂದು ಬ್ಯಾಂಕಿಗೆ ಯಾವ ಯುಪಿಐ ಆ್ಯಪ್‌ನಿಂದಲೂ ಹಣ ಕಳಿಸುತ್ತೇವಲ್ಲ, ಹಾಗೆಯೇ ಇದು. ಮಾರುವವನು ಒಂದು ಆ್ಯಪ್‌ನಲ್ಲಿ ಮಾಲು ಹಾಕಿದರೆ ಕೊಳ್ಳುವವನು ಬೇರೆ ಆ್ಯಪ್‌ನಲ್ಲಿ ಅದನ್ನು ಕಾಣಬಹುದು. ಸಾಗಾಟ ಮೂರನೆಯವನದು. ಬೆಂಗಳೂರಿನ ಆಟೋದವರ ನಮ್ಮ ಯಾತ್ರಿ ಆ್ಯಪ್ ಈ ಜಾಲಕ್ಕೆ 2023ರಲ್ಲಿ ಸೇರಿತು. ಪ್ರತಿ ಬಾಡಿಗೆಗೆ ಕಮಿಷನ್ ಹಿಡಿಯದೆ ದಿನಕ್ಕೆ ಇಷ್ಟು ಎಂದು ಶುಲ್ಕ ತೆಗೆದುಕೊಳ್ಳುವ ಅದರ ಕ್ರಮವನ್ನು ಆಮೇಲೆ ಬೇರೆಯವರೂ ಹಿಡಿದರು.

ರೈತ ಉತ್ಪಾದಕ ಕಂಪೆನಿಗಳನ್ನು ಓಎನ್‌ಡಿಸಿಗೆ ಸೇರಿಸುವ ಕೆಲಸ ಜೋರಾಗಿಯೇ ನಡೆಯಿತು. 2024ರ ಆರಂಭಕ್ಕೆ ಸುಮಾರು 5,000 ಕಂಪೆನಿಗಳು ಹೆಸರು ಹಚ್ಚಿದ್ದವು. ಆದರೆ ಹೆಸರು ಹಚ್ಚುವುದು ಬೇರೆ, ಮಾರಾಟ ಆಗುವುದು ಬೇರೆ. ಗಿರಾಕಿಗಳಿಗೆ ಕೊಡುತ್ತಿದ್ದ ರಿಯಾಯತಿಗೆ ಓಎನ್‌ಡಿಸಿ ಕೊಡುತ್ತಿದ್ದ ಪ್ರೋತ್ಸಾಹಧನ ಕಡಿಮೆಯಾದಾಗ 2024ರ ಕೊನೆಯಿಂದ ಚಿಲ್ಲರೆ ಆರ್ಡರುಗಳು ಇಳಿದವು. ದಾರಿ ಮಾಡಿಕೊಟ್ಟ ಮಾತ್ರಕ್ಕೆ ಸಂತೆ ಕೂಡುವುದಿಲ್ಲ, ಗಿರಾಕಿಯೂ ಬರಬೇಕು. ಮಾಲು ತಡವಾದರೆ ಹೊಣೆ ಯಾರದು ಎಂಬ ಗೊಂದಲವೂ ಬಿಡಿಸಿಟ್ಟ ಪೇಟೆಯಲ್ಲಿ ಹೆಚ್ಚು. ಹಾಗೆಂದು ಇದನ್ನು ತಳ್ಳಿಹಾಕಬೇಕಾಗಿಲ್ಲ. ಒಬ್ಬನ ಜಗಲಿಗೆ ಕಟ್ಟುಬೀಳದೆ ಇರಲು ಇದೊಂದು ಬಾಗಿಲು. ಸಂಘವಾಗಿ ಸೇರಿದರೆ ಖರ್ಚು ಕಡಿಮೆ.

ಯಂತ್ರ ಓದುವ ಚೀಟಿ

ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಎರಡೂ 2020ರಲ್ಲಿ ಕನ್ನಡದಲ್ಲಿ ಕಾಣಲು ತೊಡಗಿದವು. ಈಗ ಗಿರಾಕಿ ಪಟ್ಟಿ ನೋಡುವ ಬದಲು ಯಂತ್ರವನ್ನೇ ಕೇಳುವ ಕಾಲ ಬರುತ್ತಿದೆ. "ಸಾರಿಗೆ ಹಾಕಲು ಒಳ್ಳೆಯ ಪುನರ್ಪುಳಿ ಯಾವುದು?" ಎಂದು ಕೇಳಿದರೆ ಕೃತಕ ಬುದ್ಧಿಯ ಯಂತ್ರ ಎರಡು-ಮೂರನ್ನು ಆರಿಸಿ ಹೇಳುತ್ತದೆ. ಅಮೆರಿಕದಲ್ಲಿ 2025ರ ಸೆಪ್ಟೆಂಬರಿನಲ್ಲಿ ಎಟ್ಸಿ ಎಂಬ ಕೈಕೆಲಸದ ವಸ್ತುಗಳ ಪೇಟೆಯ ಮಾಲನ್ನು ಚಾಟ್‌ಜಿಪಿಟಿಯ ಮಾತುಕತೆಯೊಳಗೇ ಕೊಳ್ಳುವ ಏರ್ಪಾಡು ಮಾಡಿದರು.

ಯಂತ್ರಕ್ಕೆ ಮೂಸಿ ನೋಡಲು ಬರುವುದಿಲ್ಲ, ನಾವು ಬರೆದ ವಿವರವನ್ನು ಅದು ಓದುತ್ತದೆ. "ಶುದ್ಧ ಕರಿಮೆಣಸು, ಉತ್ತಮ ಗುಣಮಟ್ಟ" ಎಂದು ಎಲ್ಲರೂ ಬರೆಯುತ್ತಾರೆ. ಅದರ ಬದಲು ತಳಿ ಪಣಿಯೂರು-1, ಕೊಯ್ದ ತಿಂಗಳು, ಬಿಸಿಲಿನಲ್ಲಿ ಒಣಗಿಸಿದ್ದು, ಜರಡಿ ಹಿಡಿದ ಅಳತೆ, ಲೀಟರಿಗೆ ಇಷ್ಟು ಗ್ರಾಂ ತೂಗುತ್ತದೆ ಎಂದು ಬರೆದರೆ ಯಂತ್ರಕ್ಕೂ ಮನುಷ್ಯರಿಗೂ ಅರ್ಥವಾಗುತ್ತದೆ. ಇದು ದೊಡ್ಡ ಬ್ರಾಂಡಿನವರಿಗೆ ಕಷ್ಟ, ಯಾಕೆಂದರೆ ಅವರದ್ದು ಹತ್ತಾರು ಕಡೆಯ ಮಾಲು. ನಮಗೆ ಸುಲಭ.

ಕಾಗದಪತ್ರ

ಕೃಷಿಕ ತಾನು ಬೆಳೆದದ್ದನ್ನು ಮಾರಲು ಜಿಎಸ್‌ಟಿ ನೋಂದಣಿ ಬೇಡ. ಅದನ್ನು ಹಪ್ಪಳ, ಸಿರಪ್ ಮಾಡಿದರೆ ಅದು ತಯಾರಿಕೆ. ತಯಾರಿಸಿದ ವಸ್ತುವನ್ನು ಆನ್‌ಲೈನ್ ಪೇಟೆಯಲ್ಲಿ ಮಾರಲು ಮೊದಲು ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ವಿನಾಯಿತಿ ಸಿಕ್ಕಿತು. ವಹಿವಾಟು ಮಿತಿಯೊಳಗಿದ್ದು ರಾಜ್ಯದೊಳಗೆ ಮಾತ್ರ ಮಾರುವವರು ಜಿಎಸ್‌ಟಿ ಜಾಲತಾಣದಲ್ಲಿ ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಮುಂಬಯಿಯ ನೆಂಟರ ಊರಿಗೂ ಮಾರಬೇಕೆಂದರೆ ಈ ವಿನಾಯಿತಿ ಇಲ್ಲ. ಕಂಪೆನಿಗಳು ಕಾನೂನು ಕೇಳದ ಕಾಗದವನ್ನೂ ಕೇಳುವುದುಂಟು, ವಿಚಾರಿಸಿಕೊಳ್ಳಿ.

ನೋಂದಣಿ ಇರುವವರ ತೆರಿಗೆಯುಳ್ಳ ಮಾರಾಟದಿಂದ ಕಂಪೆನಿ ಸ್ವಲ್ಪ ಹಿಡಿದು ಸರಕಾರಕ್ಕೆ ಕಟ್ಟುತ್ತದೆ. ಅದು 2024ರ ಜುಲೈ 10ರಿಂದ ಶೇ. 1ರ ಬದಲು ಅರ್ಧಕ್ಕೆ ಇಳಿದಿದೆ. ಆದಾಯ ತೆರಿಗೆಯ ಕಡಿತವೂ 2024ರ ಅಕ್ಟೋಬರಿನಿಂದ ಶೇ. 1ರಿಂದ 0.1ಕ್ಕೆ ಇಳಿಯಿತು. ಎರಡೂ ಖರ್ಚಲ್ಲ, ಲೆಕ್ಕ ಸಲ್ಲಿಸಿದರೆ ನಮ್ಮ ತೆರಿಗೆಗೆ ಜಮೆಯಾಗುತ್ತವೆ.

ತಿನ್ನುವ ವಸ್ತು ತಯಾರಿಸಿ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆ ಪ್ಯಾಕೆಟಿನ ಮೇಲಿರಬೇಕು. ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ತಿಂಗಳು-ವರ್ಷ, ದೂರಿಗೆ ಫೋನು ಇವೂ ಬೇಕು. ಗಿರಾಕಿಗೆ ತಲಪುವಾಗ ಬಾಳಿಕೆಯ ಶೇ. 30 ಅಥವಾ 45 ದಿನ ಬಾಕಿ ಇರಬೇಕೆಂದು ಎಫ್‌ಎಸ್‌ಎಸ್‌ಎಐ 2024ರ ನವೆಂಬರಿನಲ್ಲಿ ಆನ್‌ಲೈನ್ ಕಂಪೆನಿಗಳಿಗೆ ಹೇಳಿತು. ಬೇಗ ಹಾಳಾಗುವ ವಸ್ತುಗಳಿಗೆ ಈ ಪೇಟೆ ಹಿಡಿಸದು ಎಂಬುದಕ್ಕೆ ಇದೂ ಒಂದು ಕಾರಣ.

ನಾವು ಮಾಡಬಹುದಾದ್ದು

1. ಸೇರುವ ಮೊದಲು ಮೇಲಿನ ಹಾಗೆ ಏಳು ಸಾಲಿನ ಲೆಕ್ಕ ಬರೆಯಿರಿ. ಕೊನೆಯ ಸಾಲು ಊರಿನ ದರಕ್ಕಿಂತ ಕನಿಷ್ಠ ಶೇ. 15 ಹೆಚ್ಚಿರದಿದ್ದರೆ ನಮ್ಮ ಮನೆಯವರ ಕೂಲಿಯೂ ಹುಟ್ಟುವುದಿಲ್ಲ. ನಾನು ಇಟ್ಟುಕೊಂಡ ಗೆರೆ ಇದು.

2. ಸಣ್ಣ ಗಾತ್ರ, ಹೆಚ್ಚು ಬೆಲೆ, ದೀರ್ಘ ಬಾಳಿಕೆ - ಈ ಮೂರೂ ಇರುವ ಮಾಲನ್ನು ಮಾತ್ರ ದೂರಕ್ಕೆ ಹಾಕಿ. ತೆಂಗಿನಕಾಯಿ, ಬಾಳೆಗೊನೆ, ಹಸಿ ತರಕಾರಿ ಹತ್ತಿರದ ಪೇಟೆಗೇ ಸರಿ.

3. ಬೆಳೆಯ ಶೇ. 10-20ಕ್ಕಿಂತ ಹೆಚ್ಚನ್ನು ಒಂದೇ ಜಗಲಿಗೆ ಹಾಕಬೇಡಿ. ಕಂಪೆನಿ ಶುಲ್ಕವನ್ನು ನಾಳೆ ಬದಲಿಸಬಹುದು. ಖಾತೆ ತಡೆಹಿಡಿಯುವುದೂ ಇದೆ.

4. ಗಿರಾಕಿ ಪುಸ್ತಕ ನಿಮ್ಮದೇ ಮಾಡಿಕೊಳ್ಳಿ. ಕಂಪೆನಿ ಕೊಟ್ಟ ವಿಳಾಸವನ್ನು ಬೇರೆಯದಕ್ಕೆ ಬಳಸುವುದು ಅವರ ಕರಾರಿಗೆ ವಿರುದ್ಧ. ಆದರೆ ತೋಟಕ್ಕೆ ಬಂದವರು, ಹಲಸು ಮೇಳದಲ್ಲಿ ಕೊಂಡವರು, ನೆಂಟರ ಪರಿಚಯದವರು ನಮ್ಮವರೇ. 2020ರ ಲಾಕ್‌ಡೌನಿನಲ್ಲಿ ಎಷ್ಟೋ ಕೃಷಿಕರ ಕಲ್ಲಂಗಡಿ, ಅನನಾಸು ಖರ್ಚಾದದ್ದು ವಾಟ್ಸಾಪ್ ಗುಂಪುಗಳಲ್ಲಿ. ಪರಿಚಯದ ಗಿರಾಕಿಗೆ ಮೇಲಿನ ಅದೇ ಒಂದು ಕಿಲೋ ಮೆಣಸನ್ನು 1,000 ರೂ.ಗೆ ಕಳಿಸಿ, ಸಾಗಾಟ 100 ಮತ್ತು ಪ್ಯಾಕಿಂಗ್ 20 ನಾವೇ ಹಾಕಿದರೂ 880 ಉಳಿಯುತ್ತದೆ. ಗಿರಾಕಿಗೂ 150 ಕಡಿಮೆ.

5. ಹತ್ತು ಮನೆಯವರು ಸೇರಿ ಒಂದೇ ಹೆಸರಿನಲ್ಲಿ ಹಾಕಿ. ಲೇಬಲ್, ನೋಂದಣಿ, ಫೋಟೋ, ಜಾಹೀರಾತು ಒಂದೇ ಖರ್ಚು. ಆದರೆ ಒಣಗಿಸುವುದಕ್ಕೂ ಜರಡಿಗೂ ಎಲ್ಲರಿಗೂ ಒಂದೇ ಕ್ರಮ ಇರಬೇಕು. ಒಬ್ಬರ ಹಸಿ ಮೆಣಸು ಹತ್ತು ಮನೆಯ ಹೆಸರು ಕೆಡಿಸುತ್ತದೆ.

6. ತೊಂದರೆಯಾದರೆ ಕಂಪೆನಿಗೆ ಬರಹದಲ್ಲೇ ತಿಳಿಸಿ, ಕಳಿಸುವ ಮೊದಲು ಪೆಟ್ಟಿಗೆಯ ಫೋಟೋ ತೆಗೆದಿಡಿ. "ಒಡೆದು ಬಂತು" ಎಂಬ ದೂರಿಗೆ ಫೋಟೋ ಒಂದೇ ಸಾಕ್ಷಿ.

ಐದನೆಯದರ ಬಗ್ಗೆ ಇನ್ನೊಂದು ಮಾತು. ಅಡಿಕೆ ಬೆಳೆಗಾರರು ದರ ಕುಸಿದು ಕಂಗೆಟ್ಟಿದ್ದಾಗ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದರು. ಆಗ ಅವರು ವ್ಯಾಪಾರಿಗಳನ್ನು ಓಡಿಸಲಿಲ್ಲ. ಪೇಟೆಯ ಒಳಗೆ ತಮ್ಮದೂ ಒಂದು ತಕ್ಕಡಿ ಇಟ್ಟರು, ಅಷ್ಟೆ. ಕಾಣದ ಸಂತೆಯಲ್ಲೂ ಆಗಬೇಕಾದ್ದು ಅದೇ. ಕಂಪೆನಿಯ ಜಗಲಿ ಬಳಸೋಣ, ಅದಕ್ಕೆ ತಕ್ಕ ಸುಂಕ ಕೊಡೋಣ. ತಕ್ಕಡಿಯೂ ಗಿರಾಕಿ ಪುಸ್ತಕವೂ ನಮ್ಮ ಹತ್ತಿರ ಇರಲಿ. ಈ ಪೇಟೆಗಳಲ್ಲಿ ಮಾರಿ ನೋಡಿದ ಕೃಷಿಕರು ತಮ್ಮ ತಮ್ಮ ಮಾಲಿನ ಏಳು ಸಾಲಿನ ಲೆಕ್ಕವನ್ನು ಪತ್ರಿಕೆಗೆ ಬರೆದು ಕಳಿಸಿದರೆ ಉಳಿದವರಿಗೂ ಉಪಕಾರವಾದೀತು.